ನಮ್ಮ ‘ಆತಾ’, ಅವರ ‘ಆತಾ’

ನನಗೆ ಮಾತು ಜಾಸ್ತಿ. ಇದನ್ನು ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪುತ್ತಾರೆ, ನಾನೂ ಒಪ್ಪುತ್ತೇನೆ. ಅಂಥವಳಿಗೆ ಸಿಕ್ಕ ಮೊದಲ ನೌಕರಿಯಲ್ಲಿ ಮಾತು ಕಡಿಮೆ ಮಾಡಬೇಕಾಗಿ ಬಂತು. ಮಾಡಿದೆ. ಮಾಡಿಯೇ ಕೆಟ್ಟೆ.

ಪುಣೆಯ ಮೂಲೆಮೂಲೆಗೂ ಎಸ್‌ಟಿಡಿ ಬೂತ್ ಇದ್ದ ಕಾಲ, ತೊಂಬತ್ತರ ದಶಕದ ನಡುವೆ. ಅಪ್ಪನದು ಪೇಟೆಯಲ್ಲಿ ಬಟ್ಟೆ ಅಂಗಡಿ. ಅಜ್ಜ ಧಾರವಾಡದಿಂದ ಬಂದು ಹಾಕಿದ್ದು. ಬಿ.ಕಾಂ ಮುಗಿಸಿ ನೌಕರಿ ಮಾಡುತ್ತೇನೆ ಎಂದಾಗ ಅಪ್ಪ ಬೇಡ ಅನ್ನಲಿಲ್ಲ, ಒಂದು ಕರಾರು ಹಾಕಿದರು.

“ಆರು ತಿಂಗಳು ನೋಡೋಣು. ಕಾಯಂ ಮಾಡಿದ್ರ ಮಾಡು. ಇಲ್ಲಂದ್ರ ಬಂದು ಗಾದಿ ಮ್ಯಾಲ ಕುಂಡ್ರು.”

ಗಾದಿ ಎಂದರೆ ನಮ್ಮ ಅಂಗಡಿಯ ಬಿಳಿ ಹಾಸು. ಅದರ ಮೇಲೆ ಕೂತು ದಿನವಿಡೀ ಬ್ಲೌಸ್ ಪೀಸ್ ಹರಿಯಬೇಕು. ಹೊಂದುವ ಬಣ್ಣ ಸಿಗುವ ತನಕ ಹೆಂಗಸರು ಬಿಡುವುದಿಲ್ಲ. ಸಿಕ್ಕಿತು ಎಂದು ಉಸಿರು ಬಿಟ್ಟರೆ, ಬಾಗಿಲಿಗೆ ಹೋಗಿ ಬಿಸಿಲಿಗೆ ಹಿಡಿದು ನೋಡಿ, “ಇದು ಬ್ಯಾರೆನs ಕಾಣ್ತದಲ್ಲ” ಎನ್ನುತ್ತ ತಿರುಗಿ ಬರುತ್ತಾರೆ. ಅದನ್ನು ನೆನೆಸಿಕೊಂಡರೇ ನನಗೆ ತಲೆ ಕೆಡುತ್ತಿತ್ತು. ಐದನೇ ತಿಂಗಳಿಗೆ ಅಪ್ಪ ಗಾದಿಗೆ ಹೂವಿನ ಹೊಸ ಗವಸು ಬೇರೆ ಹೊಲಿಸಿಟ್ಟರು. ನೋಡಿ ಮೈಯೆಲ್ಲ ಉರಿಯಿತು. ನನ್ನನ್ನು ಚುಡಾಯಿಸಲಿಕ್ಕೇ ಮಾಡಿದ್ದು ಎಂದು ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಎರಡು ದಿನ ನನ್ನ ಪಾಲಿಗೆ ಭಾಳ ಆಯಿತು.

ನನ್ನ ನೌಕರಿ ತೂಕದ ಮಷೀನು ರಿಪೇರಿ ಮಾಡುವ ಸಣ್ಣ ಕಂಪನಿಯಲ್ಲಿ. ಒಂದು ಕೋಣೆ, ಒಂದು ಫೋನು, ಒಂದು ರಜಿಸ್ಟರು. ಮೆಕ್ಯಾನಿಕ್‌ಗಳೆಲ್ಲ ಊರೂರು ಸುತ್ತುತ್ತಿದ್ದರು. ಅವರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ, ಮುಂದೆ ಎಲ್ಲಿಗೆ ಹೋಗಬೇಕು ಎಂಬುದನ್ನು ಕೂತಲ್ಲಿಂದಲೇ ನಡೆಸುವವಳು ನಾನು. ಇದಕ್ಕೆ ಕೋಆರ್ಡಿನೇಟರ್ ಎಂಬ ದೊಡ್ಡ ಹೆಸರು. ಒಬ್ಬ ಮೆಕ್ಯಾನಿಕ್ ಫೋನಿನಲ್ಲಿ ಕತೆ ಹೇಳುತ್ತ ನಿಂತರೆ ಇನ್ನೊಬ್ಬನಿಗೆ ಬರೀ ಎಂಗೇಜ್ ಟೋನು. ಹಾಗಾಗಿ ನಾನೇ ಕಾಯಿದೆ ಮಾಡಿದೆ: ತಲುಪಿದಾಗ ಒಂದು ಫೋನು, ಕೆಲಸ ಮುಗಿದಾಗ ಒಂದು ಫೋನು, ಮಾತು ಚುಟುಕು.

ಬೆಳಗಾವಿ ಕಡೆಯ ಮೆಕ್ಯಾನಿಕ್ ಒಬ್ಬರಿದ್ದರು. ಕೆಲಸ ಮುಗಿದ ಮೇಲೆ ಅವರು ಮೊದಲು ಜಾಗದ ಹೆಸರು ಹೇಳುತ್ತಿದ್ದರು. ನಮ್ಮಿಬ್ಬರ ಫೋನು ಹೀಗೆ:

“ಕೊಂಢವಾ.”

“ಆತಾ?”

“ಆತ್ರಿ ಅಕ್ಕಾರ.”

ಇಷ್ಟೇ. ರಜಿಸ್ಟರಿನಲ್ಲಿ ಟಿಕ್, ಫೋನು ಕೆಳಗೆ. ಮಾಲೀಕರು, ಮರಾಠಿ ಸಾಹೇಬರು, ಹುಬ್ಬೇರಿಸಿ ನೋಡಿ “ವಾ” ಎಂದಿದ್ದರು. ನಾನು ಉಬ್ಬಿಹೋಗಿದ್ದೆ.

ಆರನೇ ತಿಂಗಳ ಕೊನೆಯ ವಾರ. ಇಂದಾಪುರದ ಹೆದ್ದಾರಿ ಬದಿಯಲ್ಲಿ ಒಂದು ಕಾಟಾ ಕೆಟ್ಟಿತ್ತು; ಲಾರಿಯನ್ನೇ ಹತ್ತಿಸಿ ತೂಗುವಂಥ ದೊಡ್ಡದು. ಕಬ್ಬಿನ ಸುಗ್ಗಿ. ನಮ್ಮಲ್ಲೇ ಹಿರಿಯ ಮೆಕ್ಯಾನಿಕ್, ಎಲ್ಲರೂ ಕಾಕಾ ಎನ್ನುತ್ತಿದ್ದವರು, ಬೆಳಗಿನ ಎಸ್‌ಟಿ ಬಸ್ಸಿಗೆ ಹೋದರು. ಅವರಿಗೆ ಮರಾಠಿ ಬಿಟ್ಟರೆ ಬೇರೆ ಮಾತು ಬಾರದು. ಹತ್ತಕ್ಕೆ ಬರಬೇಕಾದ ‘ತಲುಪಿದೆ’ ಫೋನು ಬರಲಿಲ್ಲ. ಮರೆತಿರಬೇಕು ಎಂದುಕೊಂಡೆ. ಒಂದೂವರೆಗೆ ಬೆಳಗಾವಿಯವರ ಫೋನು ಇಟ್ಟು ಇನ್ನೂ ಕೈ ತೆಗೆದಿರಲಿಲ್ಲ, ಮತ್ತೆ ಗಂಟೆ.

“ಇಂದಾಪುರ,” ಎಂದರು ಕಾಕಾ.

“ಆತಾ?” ಎಂದೆ.

“ಹೋ. ಆತ್ತಾಚ್,” ಎಂದರು.

“ಹಾಗಾದರೆ ವಾಪಸ್ ಬನ್ನಿ, ನಾಳೆ ತಳೇಗಾಂವದ ಕೆಲಸ ಇದೆ,” ಎಂದು ಮರಾಠಿಯಲ್ಲಿ ಹೇಳಿ ಇಟ್ಟೆ. ಟಿಕ್.

ಮೂರಕ್ಕೆ ಕಾಟಾದ ಧಣಿ ಫೋನು ಮಾಡಿದ. ಯಾರೂ ಬಂದಿಲ್ಲ, ಟ್ರ್ಯಾಕ್ಟರುಗಳ ಸಾಲು ರಸ್ತೆಗೆ ಮುಟ್ಟಿದೆ ಎಂದು ಕೂಗಾಡಿದ. ನಾನು ಬಿಡುವವಳೇ? ರಜಿಸ್ಟರಿನಲ್ಲಿ ಟಿಕ್ ಇದೆ. ನಿಮ್ಮ ಮಷೀನು ಸರಿಯಾಗಿದೆ, ನಂಬಿಕೆ ಇಲ್ಲದಿದ್ದರೆ ನೀವೇ ಹತ್ತಿ ನಿಂತು ನೋಡಿ ಎಂದೆ. ಫೋನು ಕೆಳಗಿಟ್ಟು ಹೋದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ತಿರುಗಿ ಬಂದ.

“ನಾನು ನಿಂತೆ. ನನ್ನ ಹೆಂಡತಿಯೂ ನಿಂತಳು. ಸೊನ್ನೆ.”

ಆಮೇಲೆ ಅವನು ನೇರವಾಗಿ ಸಾಹೇಬರೊಡನೆ ಮಾತಾಡಿದ. ಸಾಹೇಬರು ಕೇಳಿಸಿಕೊಂಡು, ನನ್ನ ಕಡೆ ನೋಡಿ, “ಶನಿವಾರ ನನ್ನನ್ನು ಬಂದು ಕಾಣು,” ಎಂದಷ್ಟೇ ಹೇಳಿದರು. ಕಣ್ಣ ಮುಂದೆ ಗಾದಿ, ಗವಸು, ಸಾವಿರ ನಮೂನೆಯ ಮರೂನು ಬ್ಲೌಸ್ ಪೀಸು.

ಆರಕ್ಕೆ ಕಾಕಾ ಬಾಗಿಲಲ್ಲಿ ಕಂಡರು. ಮೈಯೆಲ್ಲ ಧೂಳು, ಮುಖ ಗಂಟು. ದಾರಿಯಲ್ಲಿ ಬಸ್ಸು ಕೆಟ್ಟು ಮೂರು ತಾಸು ಕೂತಿದ್ದರಂತೆ. ಇಂದಾಪುರದ ಸ್ಟ್ಯಾಂಡಿನಲ್ಲಿ ಇಳಿದವರೇ, ನನ್ನ ಕಾಯಿದೆಯಂತೆ, ಬೂತಿಗೆ ಹೋಗಿ ತಲುಪಿದೆ ಎಂದು ತಿಳಿಸಿದರು. ಮ್ಯಾಡಮ್, ಅಂದರೆ ನಾನು, ವ್ಯಂಗ್ಯವಾಗಿ “ಈಗಾ?” ಎಂದರು. ಹೌದು, ಈಗಷ್ಟೇ ಎಂದು ನಿಜವನ್ನೇ ಹೇಳಿದರು. ಅದಕ್ಕೆ ಮ್ಯಾಡಮ್ “ಹಾಗಾದರೆ ವಾಪಸ್ ಬನ್ನಿ” ಅಂದುಬಿಡುವುದೇ? ಇಷ್ಟು ವರ್ಷ ದುಡಿದ ಮನುಷ್ಯನಿಗೆ? ಅವರೂ ಸಿಟ್ಟಿನಿಂದ ಎದುರಿಗಿದ್ದ ಬಸ್ಸನ್ನೇ ಹತ್ತಿ ಬಂದರು. ಕಾಟಾದ ಮುಖವನ್ನೂ ನೋಡದೆ.

ನನಗೆ ಅರ್ಥವಾಗಲು ತಡವಾಗಲಿಲ್ಲ. ಬೆಳಗಾವಿಯವರ ಫೋನಿನ ಗುಂಗಿನಲ್ಲೇ ನಾನು ಕೇಳಿದ್ದು ನಮ್ಮ ಕನ್ನಡದ ‘ಆತಾ’, ಎಂದರೆ ಮುಗಿಯಿತಾ. ಕಾಕಾಗೆ ಕೇಳಿಸಿದ್ದು ಅವರ ಮರಾಠಿಯ ‘ಆತಾ’, ಎಂದರೆ ಈಗ. ಹುಟ್ಟಿದಾಗಿನಿಂದ ಎರಡೂ ಭಾಷೆ ಆಡುತ್ತ ಬಂದವಳು ನಾನು. ಮನೆಯಲ್ಲಿ ಒಂದು, ಹೊಸ್ತಿಲು ದಾಟಿದರೆ ಇನ್ನೊಂದು. ಆ ಎರಡೂ ಒಂದೇ ಸದ್ದು ಎಂದು ಒಂದು ದಿನವೂ ಹೊಳೆದಿರಲಿಲ್ಲ. ಕಾಕಾಗೆ ಬಿಡಿಸಿ ಹೇಳಿದೆ. ಅವರು ಕುರ್ಚಿಯಲ್ಲಿ ಕೂತರು. ಮೊದಲು ಹೊಟ್ಟೆ ಅಲುಗಿತು, ಆಮೇಲೆ ಮೀಸೆ, ಆಮೇಲೆ ಮನುಷ್ಯ ಪೂರ್ತಿ. ಶನಿವಾರದ ಚಿಂತೆ ಹಾಗೇ ಇತ್ತು, ಆದರೂ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಬೆಳಗಾವಿಯವರು ಒಳಗೆ ಬಂದು, ನಮ್ಮಿಬ್ಬರನ್ನೂ ನೋಡಿ, “ಏನಾತ್ರಿ?” ಎಂದರು. ಮತ್ತೆ ಶುರುವಾಯಿತು.

ಮರುದಿನ ಬೆಳಗಿನ ಬಸ್ಸಿಗೆ ಕಾಕಾನ ಜೊತೆ ನಾನೇ ಹೋದೆ. ದಾರಿಯುದ್ದಕ್ಕೂ ಅವರು ಹಳ್ಳ ಕಂಡರೆ “ಆತಾ?”, ಚಹದಂಗಡಿ ಕಂಡರೆ “ಆತಾ?” ಎನ್ನುತ್ತ ನನ್ನ ಜೀವ ತಿಂದರು. ಅಲ್ಲೇ ಹೊಸ ಕಾಯಿದೆ ಮಾಡಿದೆವು: ಫೋನಿನಲ್ಲಿ ಏನು ಕೇಳಿಸಿತೋ ಅದನ್ನು ಕೇಳಿದವರು ಪೂರ್ತಿ ವಾಕ್ಯದಲ್ಲಿ ತಿರುಗಿ ಹೇಳಬೇಕು. ಹೂಂ, ಹೋ, ಟಿಕ್ ಯಾವುದೂ ನಡೆಯುವುದಿಲ್ಲ. ಕಾಟಾ ಹನ್ನೊಂದಕ್ಕೆ ಸರಿಯಾಯಿತು. ಪರೀಕ್ಷೆಗೆ ಧಣಿ ನನ್ನನ್ನೇ ಹತ್ತಿ ನಿಲ್ಲಲು ಹೇಳಿದ. ನಿಂತೆ. ಎಷ್ಟು ಬಂತು ಎಂದು ಇಡೀ ಟ್ರ್ಯಾಕ್ಟರು ಸಾಲಿಗೆ ಗೊತ್ತಾಯಿತು. ತಪ್ಪು ನನ್ನದು ಎಂದು ಅವನ ಮುಂದೆ ಹೇಳಿದೆ. ಅವನ ಹೆಂಡತಿ ಚಹ ಕೊಟ್ಟಳು.

ಮುಂದೆ ಹತ್ತು ವರ್ಷದ ಮೇಲೆ, ಬೇರೆ ಕಂಪನಿಯಲ್ಲಿ, ಸ್ಪೀಕರ್ ಫೋನಿನ ಮುಂದೆ ಕೂತು ನಾಲ್ಕು ಊರಿನ ಜನರನ್ನು ಸಂಭಾಳಿಸಿದೆ. ಬೆಂಗಳೂರಿನ ಹುಡುಗರು ಎಲ್ಲದಕ್ಕೂ “ಓಕೆ, ಓಕೆ” ಎನ್ನುತ್ತಿದ್ದರು. “ಏನು ಓಕೆ, ತಿರುಗಿ ಹೇಳಪ್ಪಾ,” ಎನ್ನುತ್ತಿದ್ದೆ. ನನ್ನನ್ನು ಬೆನ್ನ ಹಿಂದೆ ಟೀಚರ್ ಎಂದು ಕರೆಯುತ್ತಿದ್ದರಂತೆ. ಕರೆಯಲಿ.

ಅದಿರಲಿ. ಆ ವಾರದ ಶನಿವಾರ ಬಂತು. ಸಾಹೇಬರು ಒಂದು ಲಕೋಟೆ ಮುಂದೆ ತಳ್ಳಿದರು. ಹೊಸ ಕಾಯಿದೆಯ ಸುದ್ದಿಯನ್ನು ಕಾಕಾ ಆಗಲೇ ಸಾಹೇಬರ ಕಿವಿಗೆ ಹಾಕಿದ್ದರು. “ಒಡೆದು ಓದು. ಏನು ತಿಳಿಯಿತು, ತಿರುಗಿ ಹೇಳು,” ಎಂದರು. ಓದಿದೆ. ಇನ್ನೊಮ್ಮೆ ಓದಿದೆ. ಅವರು ಕೈಯಾಡಿಸಿ ಹೋಗು ಎಂದರು. ಮೆಟ್ಟಿಲಿಳಿದು, ಎದುರಿನ ಬೂತಿಗೆ ಓಡಿ, ಅಂಗಡಿಗೆ ಫೋನು ಹಚ್ಚಿದೆ.

“ಅಪ್ಪಾ, ಆತು,” ಎಂದೆ. ಏದುಸಿರಿನಲ್ಲಿ ಅಷ್ಟೇ ಬಂತು.

ಆ ಕಡೆ ಕತ್ತರಿ ಕೆಳಗಿಟ್ಟ ಸದ್ದು ಕೇಳಿಸಿತು.

“ಆತಾ?” ಎಂದರು ಅಪ್ಪ, ಭಾಳ ಮೆತ್ತಗೆ. “ಇರ್ಲಿ ಬಿಡವ್ವಾ. ಅವರಿಗೇ ನಸೀಬ ಇಲ್ಲ. ನೀ ಅಳಬ್ಯಾಡ. ಮೊದಲನೇ ದಿನ ಗಾದಿ ಒತ್ತಬಾರದು, ಛಂದ ಅನಸ್ಬೇಕಂತ ಹೊಸಾ ಗವಸ ಹಾಕ್ಸೀನಿ. ಬಾ ನೀ, ಮನಿಗೆ ಬಾ.”

ತಿಂಗಳಿಂದ ಆ ಗವಸಿನ ಮೇಲೆ ನಾನು ಸಿಟ್ಟು ಹೊತ್ತಿದ್ದೆ.

“ಮುಗೀಲಿಲ್ಲ ಅಪ್ಪಾ,” ಎಂದೆ. “ನನ್ನ ಕಾಯಂ ಮಾಡ್ಯಾರ. ಏನ್ ತಿಳೀತು, ತಿರುಗಿ ಹೇಳ್ರಿ.”

“ನನ್ನ ಮಗಳು ಕಾಯಂ ಆದ್ಲು,” ಎಂದರು ಅಪ್ಪ. ಆಮೇಲೆ ರಿಸೀವರು ಪಕ್ಕಕ್ಕೆ ಹಿಡಿದು, ಅಂಗಡಿಯಲ್ಲಿದ್ದ ಹೆಂಗಸರಿಗೆಲ್ಲ ಕೇಳುವಂತೆ ಅದನ್ನೇ ಮರಾಠಿಯಲ್ಲಿ ಹೇಳಿದರು.

ಎರಡೂ ಸ್ಪಷ್ಟವಾಗಿ ಕೇಳಿಸಿತ್ತು. ಆದರೂ, ಲೈನು ಸರಿ ಇಲ್ಲ, ಇನ್ನೊಮ್ಮೆ ಹೇಳ್ರಿ ಎಂದೆ.