ಮಾವನ ಮೂರು ಗಾಡಿಗಳು

ಶಿಷ್ಯರು ಅವಳಿಗೆ ಇಟ್ಟ ಹೆಸರು ಬ್ರೇಕಕ್ಕ. ಹತ್ತೊಂಬತ್ತು ವರ್ಷಗಳಿಂದ ಡ್ರೈವಿಂಗ್ ಶಾಲೆಯಲ್ಲಿ ಕಲಿಸುತ್ತಿದ್ದಳು. ಸ್ಟಿಯರಿಂಗ್ ಹಿಡಿಯುವುದು ಕಲಿಯುವವರ ಪಾಲು. ಪಕ್ಕದ ಸೀಟಿನಲ್ಲಿ ಕೂತ ಇವಳ ಕಾಲಡಿಗೆ ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು. ಬೆಳಿಗ್ಗೆ ಆರಕ್ಕೆ ಕೂತರೆ ಸಂಜೆಯವರೆಗೆ ಬೇರೆಯವರ ತಪ್ಪನ್ನು ಪಾದದಿಂದ ತಡೆಯುವುದೇ ಕೆಲಸ. ಊರಿನ ಅರ್ಧ ಜನಕ್ಕೆ ಗಾಡಿ ಬಿಡಲು ಕಲಿಸಿದವಳ ಮನೆಯಲ್ಲಿ ಇದ್ದದ್ದು ಗಂಡನ ಸೈಕಲ್ಲೊಂದೇ.

ಅವಳನ್ನು ಸುಮ್ಮನಿರಲು ಬಿಡದಿದ್ದದ್ದು ಸೋದರಮಾವನ ಮೂರು ಹಳೇ ಕಾರುಗಳು.

ಮಾವ ಲೇತ್ ಯಂತ್ರದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಗುಜರಿಗೆ ಬಿದ್ದಿದ್ದ ಗಾಡಿಗಳನ್ನು ಒಂದೊಂದಾಗಿ ತಂದು, ಸಿಗದ ಭಾಗಗಳನ್ನು ತಾವೇ ಕಡೆದು ಜೀವ ತುಂಬಿದ್ದರು. ಒಂದು ಕಪ್ಪು, ಇನ್ನೊಂದು ಎರಡೇ ಬಾಗಿಲಿನ ಕೆನೆ ಬಣ್ಣದ್ದು, ಮೂರನೆಯದು ಹಸಿರು. ಹತ್ತು ವರ್ಷದವಳಿದ್ದಾಗಿನಿಂದ ಅವಳು ಆ ಹಸಿರು ಗಾಡಿಯ ಬಂಪರನ್ನು ಮುಖ ಕಾಣುವ ಹಾಗೆ ಉಜ್ಜುತ್ತ ಬಂದಿದ್ದಳು. ಪ್ರತಿ ಭಾನುವಾರ ಮಾವ ಬಾಡಿಗೆ ಶೆಡ್ಡಿನಲ್ಲಿ ಮೂರೂ ಇಂಜಿನುಗಳನ್ನು ಹತ್ತು ಹತ್ತು ನಿಮಿಷ ಚಾಲೂ ಮಾಡಿ, ತಲೆ ವಾಲಿಸಿ ಸದ್ದು ಕೇಳಿ, ಆರಿಸಿಬಿಡುತ್ತಿದ್ದರು. ಗಾಡಿ ಗೇಟು ದಾಟಿದ್ದನ್ನು ಅವಳು ನೋಡಿಯೇ ಇರಲಿಲ್ಲ.

ಒಂದು ಸುತ್ತು ಬಿಡಲು ಕೊಡಿ ಎಂದು ಬಾಯಿಬಿಟ್ಟು ಕೇಳಿಯೂ ಇರಲಿಲ್ಲ. ಇಲ್ಲ ಎಂದುಬಿಟ್ಟರೆ ಮತ್ತೆ ಆ ಶೆಡ್ಡಿಗೆ ಯಾವ ಮುಖ ಹೊತ್ತು ಹೋಗುವುದು?

"ಅಳದೆ ಇದ್ರೆ ಹೆತ್ತ ತಾಯಿನೂ ಹಾಲು ಕೊಡಲ್ಲ. ಕೇಳಿಬಿಡು," ಎಂದು ಗಂಡ ಎಷ್ಟೋ ಸಲ ಹೇಳಿದ್ದ.

"ಮುಂದಿನ ವಾರ ಕೇಳ್ತೀನಿ ಬಿಡ್ರೀ," ಎನ್ನುತ್ತಿದ್ದಳು. ಆ ಮುಂದಿನ ವಾರ ಬರಲೇ ಇಲ್ಲ.

ಒಂದು ಸೋಮವಾರ ಮಾವನ ಮನೆಯಿಂದ ಅತ್ತೆಯ ಫೋನು ಬಂತು. ಶೆಡ್ಡಿನ ಮಾಲೀಕ ಜಾಗ ಖಾಲಿ ಮಾಡಿ ಎಂದಿದ್ದಾನಂತೆ. ಬೇರೆ ಊರಲ್ಲಿ ಹಳೇ ಕಾರು ಕೂಡಿಡುವ ಹುಚ್ಚಿನವರೊಬ್ಬರಿದ್ದಾರಂತೆ, ಮಾವ ಮೂರನ್ನೂ ಅವರಿಗೆ ಕೊಡುವ ಮಾತಾಗಿದೆಯಂತೆ. ಗುರುವಾರ ಲಾರಿ ಬರುತ್ತದೆ.

ಆಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಬಿತ್ತು. ಮಂಗಳವಾರ ಶೆಡ್ಡಿನ ಬೀದಿಯವರೆಗೆ ಹೋಗಿ, ಗೇಟಿನ ಮುಂದೆ ಎರಡು ಸಲ ಹಾದು, ಒಳಗೆ ಕಾಲಿಡದೆ ವಾಪಸು ಬಂದಳು. ಬುಧವಾರ ಖಾಲಿ ರಸ್ತೆಯಲ್ಲಿ ಗಕ್ಕನೆ ಬ್ರೇಕು ತುಳಿದಳು.

"ಅಕ್ಕಾ, ಎದುರಿಗೆ ಯಾರೂ ಇಲ್ವಲ್ಲ," ಎಂದಳು ಕಲಿಯಲು ಬಂದಿದ್ದ ನರ್ಸಮ್ಮ.

"ಗೊತ್ತು. ನೀವು ನಡೀರಿ ಮುಂದೆ."

ಗುರುವಾರ ರಜೆ ಹಾಕಿ ಹೋದಾಗ ಲಾರಿ ಆಗಲೇ ಬಂದು ಹಲಗೆ ಇಳಿಬಿಟ್ಟು ನಿಂತಿತ್ತು. ಲಾರಿಯವನು ಹಸಿರು ಗಾಡಿಯೊಳಗೆ ಕೂತು ಗೇರಿನ ಜೊತೆ ಗುದ್ದಾಡುತ್ತಿದ್ದ. ಗೇರಿನ ಸರಳು ನೆಲದಲ್ಲಿರದೆ ಸ್ಟಿಯರಿಂಗಿನ ಪಕ್ಕದಲ್ಲಿತ್ತು. ಅಂಥದ್ದನ್ನು ಅವನು ಕಂಡಿರಲಿಲ್ಲ. ಕರಕರ ಸದ್ದಿಗೆ ಅವಳ ಹಲ್ಲು ಜುಮ್ಮೆಂದಿತು.

"ಯಜಮಾನ್ರೇ, ಇದು ನನ್ನ ಕೈಲಾಗೋ ಕೆಲಸ ಅಲ್ಲ. ನೀವೇ ಹತ್ತಿಸಿಬಿಡಿ," ಎಂದು ಅವನು ಇಳಿದ.

ಮಾವ ಅಲ್ಲಾಡಲಿಲ್ಲ. ಬೀಗದ ಕೈಗಳನ್ನು ಹಿಡಿದು ನಿಂತೇ ಇದ್ದರು. ಅವಳನ್ನು ಗೋಡೆಯ ಮರೆಗೆ ಕರೆದರು.

"ಪುಟ್ಟೀ, ನನಗೆ ಗಾಡಿ ಬಿಡೋಕೆ ಬರಲ್ಲ."

ತಮಾಷೆ ಎಂದುಕೊಂಡಳು. ಅವರ ಮುಖ ನೋಡಿದರೆ ತಮಾಷೆಯಲ್ಲ.

"ಬಿಚ್ಚೋಕೆ ಬರುತ್ತೆ, ಜೋಡಿಸೋಕೆ ಬರುತ್ತೆ, ಅಷ್ಟೇ. ಒಂದೇ ಒಂದ್ಸಲ ಕಪ್ಪು ಗಾಡೀನ ರಸ್ತೆಗೆ ತಗೊಂಡು ಹೋಗಿದ್ದೆ. ಎದುರಿಂದ ಬಸ್ಸು ಬಂತು, ಕಣ್ಣು ಮುಚ್ಚಿಬಿಟ್ಟೆ. ಗಾಡಿ ಗೋಡೆಗೆ ತಾಗಿ ನಿಂತಿತು. ಜನರ ಕೈಲಿ ತಳ್ಳಿಸ್ಕೊಂಡು ಬಂದೆ. ಆಮೇಲೆ ಧೈರ್ಯನೇ ಬರಲಿಲ್ಲ."

"ನನ್ನ ಹತ್ರ ಹೇಳಬಾರದಿತ್ತಾ ಮಾವ? ನನ್ನ ಹೊಟ್ಟೆಪಾಡೇ ಅದು."

"ಎತ್ತಿ ಆಡಿಸಿದ ಮಗು ಹತ್ರ ಏನಂತ ಹೇಳಲಿ? ನೀನೇ ಒಂದಿನ ಕೀ ಕೇಳ್ತೀಯ ಅಂತ ಕಾಯ್ತಾ ಇದ್ದೆ. ನೀನು ಕೇಳಲೇ ಇಲ್ಲ. ದಿನಾ ಕಾರಲ್ಲೇ ಇರೋಳಿಗೆ ಈ ಮುದಿ ಗಾಡಿಗಳು ಯಾಕೆ ಬೇಕು ಅಂತ ನಾನೂ ಸುಮ್ಮನಾದೆ."

ಮೂವತ್ತು ವರ್ಷದ ಭಾನುವಾರಗಳು ಒಟ್ಟಿಗೆ ಅವಳ ಎದೆಯ ಮೇಲೆ ಬಂದು ಕೂತವು. ಮಾವನ ಮೇಲೆ ಸಿಟ್ಟು, ತನ್ನ ಮೇಲೆ ಅದಕ್ಕಿಂತ ಸಿಟ್ಟು. ಅವರ ಕೈಯಿಂದ ಬೀಗದ ಕೈಗಳನ್ನು ತೆಗೆದುಕೊಂಡಳು. ಕಪ್ಪು ಗಾಡಿಯನ್ನೂ ಕೆನೆ ಬಣ್ಣದ್ದನ್ನೂ ಉಸಿರು ಬಿಗಿಹಿಡಿದು ಲಾರಿಗೆ ಹತ್ತಿಸಿದಳು. ಹಸಿರು ಗಾಡಿಯಲ್ಲಿ ಕೂತು ಪಕ್ಕದ ಬಾಗಿಲು ತೆರೆದಳು.

"ಹತ್ತಿ ಮಾವ."

"ಅಮ್ಮಾ, ನನಗೆ ಹೊತ್ತಾಗುತ್ತೆ," ಎಂದ ಲಾರಿಯವನು.

"ಅರ್ಧ ಗಂಟೆ. ಅಷ್ಟರಲ್ಲಿ ಊಟ ಮಾಡ್ಕೊಂಡು ಬನ್ನಿ."

ಸ್ಟಿಯರಿಂಗು ಬೀಸುವ ಕಲ್ಲಿನಷ್ಟು ಭಾರ. ಬ್ರೇಕು ತುಳಿದರೆ ನಿಧಾನವಾಗಿ ಯೋಚಿಸಿ ಹಿಡಿಯುತ್ತಿತ್ತು. ಕಿಟಕಿಯ ಗಾಜು ಗಲಗಲ ಅಲುಗಾಡುತ್ತಿತ್ತು. ಅವಳು ಕನಸಿನಲ್ಲಿ ಓಡಿಸಿದ್ದ ಗಾಡಿ ಬೆಣ್ಣೆಯಂತಿತ್ತು, ಇದು ಹಟಮಾರಿ ಎಮ್ಮೆ. ಆದರೂ ಪೇಟೆ ಬೀದಿ ದಾಟಿ ಮೂರನೇ ಗೇರಿಗೆ ಬಿದ್ದಾಗ ಇಂಜಿನು ಗಂಟಲು ಸರಿಮಾಡಿಕೊಂಡು ಹಾಡತೊಡಗಿತು. ಮಾವ ತಲೆ ವಾಲಿಸಿದರು.

"ಶೆಡ್ಡಲ್ಲಿ ಈ ಸದ್ದು ಬರ್ತಾನೇ ಇರಲಿಲ್ಲ," ಎಂದರು.

ಸೇತುವೆಯಾಚೆ ರಸ್ತೆ ನೇರವಾಗಿ ಊರ ಹೊರಗೆ ಹೋಗುತ್ತಿತ್ತು. ಅವಳು ವೇಗ ಇಳಿಸಲಿಲ್ಲ. ಒಂದು ಮೈಲಿ, ಎರಡು ಮೈಲಿ. ಹೀಗೇ ಹೋಗಿಬಿಟ್ಟರೆ ಏನಾದೀತು?

ಮಾವ ಮೆಲ್ಲಗೆ, "ಮಾತು ಕೊಟ್ಟಾಗಿದೆ ಪುಟ್ಟೀ," ಎಂದರು.

ಗಾಡಿ ತಿರುಗಿಸಿದಳು. ಹಸಿರು ಗಾಡಿಯನ್ನೂ ಹತ್ತಿಸಿಕೊಂಡು ಲಾರಿ ಹೊರಟುಹೋಯಿತು.

ಆಸೆ ತೀರಿತಲ್ಲ, ಇನ್ನಾದರೂ ನೆಮ್ಮದಿಯಾಗಿರುತ್ತಾಳೆ ಎಂದು ಗಂಡ ತಿಳಿದಿದ್ದ. ಆದದ್ದು ಉಲ್ಟಾ. ಎಲ್ಲೋ ಹಳೇ ಇಂಜಿನ್ ಸದ್ದಾದರೆ ಕೈಲಿದ್ದ ತುತ್ತು ಬಿಟ್ಟು ಕಿಟಕಿಗೆ ಓಡುತ್ತಿದ್ದಳು. ಎರಡು ವಾರದ ಮೇಲೆ ಮಾವ ಡ್ರೈವಿಂಗ್ ಶಾಲೆಗೆ ಬಂದು ಅರ್ಜಿ ತುಂಬಿ, "ನಿಮ್ಮತ್ತೆಗೆ ಹೇಳಬೇಡ," ಎಂದರು. ಮೊದಲ ದಿನ ನಾಲ್ಕು ಸಲ ಕ್ಲಚ್ಚು ಗಕ್ಕನೆ ಬಿಟ್ಟು ಇಂಜಿನ್ ನಿಲ್ಲಿಸಿದರು. ಐದನೇ ಸಲ ಮೈದಾನ ಸುತ್ತಿದರು.

ಆ ಸಂಜೆ ಅವಳು ಗಾಡಿ ಕೊಂಡವರಿಗೆ ಫೋನು ಮಾಡಿ ನೇರವಾಗಿ ಕೇಳಿದಳು: "ಹಸಿರು ಗಾಡೀನ ಇನ್ನೊಂದ್ಸಲ ಓಡಿಸಬೇಕು. ಬರಲಾ?"

"ಬಂದು ನೋಡ್ಕೊಂಡು ಹೋಗಿ. ಓಡಿಸೋ ಮಾತು ಆಮೇಲೆ," ಎಂದರು ಅವರು.

ಶನಿವಾರ ಮಾವನನ್ನೂ ಕರೆದುಕೊಂಡು ಬಸ್ ನಿಲ್ದಾಣಕ್ಕೆ ಬಂದಳು. ಗಾಡಿ ಕೊಂಡವರ ಊರಿನ ಬಸ್ಸು ಹೊರಡಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಮಾವ ಕಿಟಕಿ ಪಕ್ಕ ಕೂತು ಕಿತ್ತಳೆ ಸುಲಿಯತೊಡಗಿದರು. ಅವಳು ಮಾತ್ರ ಕೂರಲಾರದೆ ಕೆಳಗಿಳಿದು, ಡ್ರೈವರ್ ಟೀ ಅಂಗಡಿಯಿಂದ ಬಂದನೇ ಎಂದು ಮತ್ತೊಮ್ಮೆ ನೋಡಿದಳು.