ಸೂಜಿಯಕ್ಕ ಹೊಲಿದ ಕಣ್ಣು

ಹರಿದ ಬಟ್ಟೆಯನ್ನು ಸೂಜಿಯಕ್ಕನ ಕೈಗೆ ಕೊಟ್ಟು ಹೋದವರು ವಾಪಸು ತೆಗೆದುಕೊಳ್ಳುವಾಗ ಕೇಳುತ್ತಿದ್ದದ್ದು ಒಂದೇ ಮಾತು: "ಹರಿದಿದ್ದು ಎಲ್ಲಿ?" ಈ ಮಾತು ಕೇಳುವುದಕ್ಕೇ ಅವಳು ಮೂವತ್ತೆಂಟು ವರ್ಷ ಕಿಟಕಿಯ ಪಕ್ಕ ಬೆನ್ನು ಬಗ್ಗಿಸಿ ಕೂತಿದ್ದಳು ಎಂದರೂ ಸುಳ್ಳಲ್ಲ. ಇಲಿ ಕಡಿದ ಕೋಟು, ಇಸ್ತ್ರಿ ಸುಟ್ಟ ಅಂಗಿ, ಮೊಳೆಗೆ ಸಿಕ್ಕಿದ ಪರದೆ, ಯಾವುದೇ ಬರಲಿ, ಅದರದೇ ಒಳಮಡಿಕೆಯಿಂದ ಎಳೆ ಕಿತ್ತು, ಹೆಣೆದು ತೂತು ಮುಚ್ಚುವಳು. ತೂತು ಕಂಡರೆ ಕೈ ಸುಮ್ಮನಿರದು. ಒಮ್ಮೆ ಬಸ್ಸಿನಲ್ಲಿ ಗುರುತಿಲ್ಲದ ಗಂಡಸಿನ ಹರಿದ ಕಾಲರಿಗೆ ಹಿಂದಿನಿಂದ ಸೂಜಿ ಹಾಕಲು ಹೋಗಿ ಚೆನ್ನಾಗಿ ಬೈಸಿಕೊಂಡಿದ್ದೂ ಉಂಟು.

ಇಂಥವಳ ಹತ್ತಿರ ಒಬ್ಬ ಕಲಾವಿದೆ ಬಂದಳು. ಮೂವತ್ತರ ಆಸುಪಾಸಿನ ಹುಡುಗಿ. ಅವಳ ತಾಯಿ ಆಸ್ಪತ್ರೆಯಿಂದ ಮಾಡಿದ ಕೊನೆಯ ವಿಡಿಯೊ ಕರೆ ನಡುವೆ ನಿಂತುಹೋಗಿ, ಮುಖ ಚೌಕ ಚೌಕವಾಗಿ ಒಡೆದಿತ್ತು. ಎಡಗಣ್ಣಿನ ಜಾಗದಲ್ಲಿ ಬರೀ ಬೂದು, ಹಸಿರು ಚೌಕಗಳು. ಆ ಚಿತ್ರವನ್ನೇ ಬಾಗಿಲಗಲದ ಬಟ್ಟೆಯ ಮೇಲೆ ದಾರದಲ್ಲಿ ಹೊಲಿಸಿ ಪ್ರದರ್ಶನಕ್ಕಿಡಬೇಕು ಎಂದಳು.

"ಈಗಿನ ಫೋನು ಎಲ್ಲರ ಮುಖಾನೂ ನುಣ್ಣಗೆ ತೀಡಿ ಸುಳ್ಳು ಹೇಳುತ್ತೆ, ಅಕ್ಕಾ. ನಾನು ಕೊನೇಗೆ ಕಂಡಿದ್ದು ಇಷ್ಟೇ. ಒಡೆದಿದ್ದು ಒಡೆದ ಹಾಗೇ ಇರಲಿ."

"ಆಯ್ತಮ್ಮ" ಎಂದಳು ಸೂಜಿಯಕ್ಕ. ಬಾಯಿ ಅಂದದ್ದು ಕೈಗೆ ಕೇಳಿಸಬೇಕಲ್ಲ!

ಎರಡು ತಿಂಗಳು ಚೌಕ ಎಣಿಸಿ ಎಣಿಸಿ ಹೊಲಿದಳು. ಗಲ್ಲ, ಮೂಗು, ಬಲಗಣ್ಣು ಎಲ್ಲ ಚಾಚೂ ತಪ್ಪದೆ ಬಂತು. ಎಡಗಣ್ಣಿನ ಹತ್ತಿರ ಬಂದಾಗ ಸೂಜಿ ನಿಂತಿತು. ಪಾಪ, ಹೆತ್ತ ತಾಯಿ ಒಂದು ಕಣ್ಣಿಲ್ಲದೆ ನೂರು ಜನರ ಮುಂದೆ ನಿಲ್ಲುವುದೇ? ಹುಡುಗಿ ದುಃಖದಲ್ಲಿ ಏನೋ ಹೇಳಿದ್ದಾಳೆ, ನೋಡಿದರೆ ಕುಣಿದಾಡುತ್ತಾಳೆ ಎಂದುಕೊಂಡಳು. ಮೂರೇ ದಿನದಲ್ಲಿ ಕಣ್ಣನ್ನು ಹೊಲಿದುಬಿಟ್ಟಳು.

ಕಲಾವಿದೆ ಬಂದು ಬಟ್ಟೆ ಬಿಡಿಸಿದಳು. ಎಡಗಣ್ಣಿನ ಮೇಲೆ ಬೆರಳಿಟ್ಟಳು.

"ಅಕ್ಕಾ, ಇದು ಯಾರ ಕಣ್ಣು?"

"ಯಾರದಂದ್ರೆ? ನಿಮ್ಮಮ್ಮಂದೇ."

"ನಮ್ಮಮ್ಮನ ರೆಪ್ಪೆ ಹೀಗೆ ಜೋತುಬಿದ್ದಿರಲಿಲ್ಲ. ಒಡೆದಿದ್ರೂ ಅದು ನಿಜ ಆಗಿತ್ತು. ಅದನ್ನೂ ಕಿತ್ಕೊಂಡ್ರಲ್ಲ!" ಹುಡುಗಿ ಅತ್ತುಬಿಟ್ಟಳು.

ಸೂಜಿಯಕ್ಕ ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದಳು. ಅರ್ಧ ಇಳಿದ ರೆಪ್ಪೆ, ಅದರಡಿಯಲ್ಲಿ ಸಣ್ಣ ನಗು. ಗುರುತು ಸಿಗದೆ ಇರುತ್ತದೆಯೇ? ಸೂಜಿಯಕ್ಕನಿಗೆ ಏಳು ತುಂಬುವ ಮೊದಲೇ ತಾಯಿ ತೀರಿಕೊಂಡಿದ್ದಳು. ಮನೆಯಲ್ಲಿ ಒಂದು ಫೋಟೊ ಕೂಡ ಇರಲಿಲ್ಲ.

"ಅಯ್ಯೋ, ಇದು ನಮ್ಮಮ್ಮ! ಹೊಲಿಯುವಾಗ ನನಗೇ ಗೊತ್ತಾಗ್ಲಿಲ್ಲ ಕಣಮ್ಮ."

ಹುಡುಗಿಯ ಅಳು ಅಲ್ಲೇ ನಿಂತಿತು. ಬಟ್ಟೆಯನ್ನು ಸೂಜಿಯಕ್ಕನ ಕಡೆ ಸರಿಸಿ, "ಹಾಗಾದ್ರೆ ಬಿಚ್ಚಬೇಡಿ. ಇದು ನಿಮ್ಮ ಹತ್ತಿರಾನೇ ಇರಲಿ" ಎಂದಳು.

ಐವತ್ತು ವರ್ಷದ ಮೇಲೆ ತಾಯಿ ಸಿಕ್ಕಿದ್ದಳು! ಸೂಜಿಯಕ್ಕ ಸಂತೋಷ ತಡೆಯಲಾರದೆ ಅಲ್ಲೇ ಅಣ್ಣನಿಗೆ ಫೋನು ಮಾಡಿದಳು. ಅಣ್ಣ ಅವಳಿಗಿಂತ ಐದು ವರ್ಷಕ್ಕೆ ದೊಡ್ಡವನು.

"ಅಣ್ಣಾ, ಅಮ್ಮನ ಕಣ್ಣು ಹೊಲಿದಿದ್ದೀನಿ ಕಣೋ! ಆ ಇಳಿದ ರೆಪ್ಪೆ, ಹಾಗ್ಹಾಗೇ ಬಂದಿದೆ!"

"ಇಳಿದ ರೆಪ್ಪೆನಾ?" ಅಣ್ಣ ನಕ್ಕ. "ಅದು ಚಿಕ್ಕಮ್ಮಂದಲ್ವೇನೇ? ಅಮ್ಮ ಹೋದ್ಮೇಲೆ ನಿನ್ನ ಸಾಕಿದ್ಲಲ್ಲ, ಅವಳ್ದು. ಅಮ್ಮನ ಎರಡು ಕಣ್ಣೂ ಸರಿಯಾಗೇ ಇತ್ತು."

ಸೂಜಿಯಕ್ಕ ತಾನು ಹೊಲಿದ ರೆಪ್ಪೆಯನ್ನು ಮತ್ತೆ ನೋಡಿದಳು. ಇಷ್ಟು ವರ್ಷ ಅಮ್ಮಾ ಎಂದು ಯಾರನ್ನು ನೆನೆದು ಅತ್ತಿದ್ದಳು?

"ಹಾಗಾದ್ರೆ ಅಮ್ಮ ಹೇಗಿದ್ಲೋ? ಹೇಳೋ."

"ಎತ್ತರಕ್ಕಿದ್ಲು. ಬೇಗ ಬೇಗ ನಡೀತಿದ್ಲು."

"ಮುಖ ಕಣೋ, ಮುಖ!"

"ಮುಖ... ನನಗೂ ನೆನಪಿಗೆ ಬರ್ತಿಲ್ಲ ಕಣೇ" ಎಂದ ಅಣ್ಣ.

ಸೂಜಿಯಕ್ಕ ಫೋನು ಕೆಳಗಿಟ್ಟು ಸಣ್ಣ ಕತ್ತರಿ ತೆಗೆದುಕೊಂಡಳು. ಬೇಡ, ಬೇಡ ಎಂದು ಹುಡುಗಿ ಕೈ ಹಿಡಿದಳು.

"ಬಿಡಮ್ಮ. ನಿನ್ನ ಫೋನು ತೆಗಿ, ಆ ಚೌಕಗಳನ್ನ ಇನ್ನೊಂದ್ಸಲ ತೋರ್ಸು. ನೀನಾದ್ರೂ ಕಂಡಿದ್ದನ್ನೇ ಇಟ್ಕೊ."