ಒಣಗದ ಬೂಟು

ಜಹೀರುದ್ದೀನ ಬೆಳಗ್ಗೆ ಏಳಕ್ಕೆ ತಿರ್ಲಾಪುರದ ಮನೆಯಲ್ಲಿ ಬೂಟು ಹಾಕಿದರೆ ಬಿಚ್ಚುವುದು ರಾತ್ರಿ ಎಂಟಕ್ಕೆ. ಆರು ವರ್ಷದಿಂದ ಅವನು ನವಲಗುಂದದ ಒಂದು ಬ್ಯಾಂಕಿನ ಬಾಗಿಲು ಕಾಯುತ್ತಿದ್ದಾನೆ. ಕೆಲಸಕ್ಕಿಟ್ಟ ಏಜೆನ್ಸಿ ಕೊಟ್ಟದ್ದು ಒಂದೇ ಜೋಡಿ, ಕರಿ ಚರ್ಮದ ಬೂಟು. ದಿನಕ್ಕೆ ಮೂರು ಸಲ, ಟೋಪಿಯಿಂದ ಬೂಟಿನ ತುದಿಯವರೆಗೆ ಕಾಣುವ ಫೋಟೊ ಸೂಪರ್‌ವೈಸರಿಗೆ ಕಳಿಸಬೇಕು. ಚಪ್ಪಲಿ ಕಂಡರೆ ಆ ದಿನ ಗೈರುಹಾಜರಿ.

ಹೊರಗೆ ಮಳೆಯೋ ಚಳಿಯೋ, ಬೂಟಿನೊಳಗೆ ವರ್ಷವಿಡೀ ಒಂದೇ ಋತು. ಬಿಸಿ, ಕತ್ತಲೆ, ತೇವ. ಒಮ್ಮೆ ಅತ್ತರು ಸುರಿದು ನೋಡಿದ. ಹೆಂಡತಿ ಸುಗರಾಬಿ ಹೊಸ್ತಿಲಲ್ಲೇ ತಡೆದಳು.

“ಸತ್ತ ಇಲಿಗೆ ಮಲ್ಲಿಗಿ ಮಾಲಿ ಹಾಕಿದಂಗ ಆತು ನೋಡ್ರಿ. ಹೊರಗ ಇಡ್ರಿ ಅದನ್ನ!”

ಅವನೂ ನಕ್ಕಿದ್ದ. ಮಸೀದಿಯಲ್ಲಿ ಮಾತ್ರ ನಗು ಬರಲಿಲ್ಲ. ನಮಾಜಿನಲ್ಲಿ ಹಣೆ ನೆಲಕ್ಕೆ ಹಚ್ಚುವಾಗ ಹಿಂದಿನವರ ಮುಖ ಮುಂದಿನವರ ಪಾದದ ಹತ್ತಿರ ಬರುತ್ತದೆ. ಒಂದು ಶುಕ್ರವಾರ ಅವನ ಹಿಂದಿದ್ದ ಮುದುಕರೊಬ್ಬರು ನಮಾಜು ಮುಗಿದ ಕೂಡಲೇ ಮೂಗಿಗೆ ರುಮಾಲು ಹಿಡಿದು ಎದ್ದುಹೋದರು. ಅಂದಿನಿಂದ ಅವನ ಜಾಗ ಕೊನೆಯ ಸಾಲಿನ ಗೋಡೆಮೂಲೆ.

ಆಗ ಅಣ್ಣಿಗೇರಿಯ ಹತ್ತಿ ವ್ಯಾಪಾರಿ ಹಾರೂನರಿಂದ ಫೋನು ಬಂತು. ಅವರ ಮಗನಿಗೂ ಇವನ ಮಗಳು ಫರಹತ್‌ಳಿಗೂ ಮದುವೆಯ ಮಾತಾಗಿತ್ತು. “ಮುಂದಿನ ಶುಕ್ರವಾರ ನವಲಗುಂದಕ್ಕ ಬರತೀನ್ರಿ. ಜೋಡಿ ನಿಂತು ನಮಾಜ ಮಾಡೂಣು, ಆಮ್ಯಾಲ ನಿಕಾಹದ ತಾರೀಕ ಗೊತ್ತ ಮಾಡೂಣು.”

ಬೀಗರನ್ನು ಗೋಡೆಮೂಲೆಗೆ ಕರೆದೊಯ್ಯುವುದು ಹೇಗೆ? ಮರುದಿನ ಅವನು ಬಸ್‌ ಸ್ಟ್ಯಾಂಡಿನ ಬಾಜು ಬೂಟು ಹೊಲಿಯುವ ತಿರಕಪ್ಪನ ಮುಂದೆ ಹೋಗಿ ನಿಂತ. ತಿರಕಪ್ಪ ಬೂಟಿನೊಳಗೆ ಕೈ ಹಾಕಿ, ಬೆರಳು ಉಜ್ಜಿ ನೋಡಿದ.

“ಇದು ಬರೇ ಬೆವರಲ್ಲ ಸಾಹೇಬ್ರ. ನೀರ ಹೆಂಗ ಹೊಕ್ಕೈತಿ?”

“ನೀರ ಎಲ್ಲಿಂದ್ರಿ? ನಮಾಜಿಗೆ ದಿನಾ ಮೂರ ಸಲ ಬ್ಯಾಂಕ್ನ್ಯಾಗ ಕಾಲ ತೊಳಿತೀನಿ. ಅಷ್ಟ ತೊಳದರೂ...”

“ಒರಸ್ತೀರಿ?”

ಜಹೀರುದ್ದೀನ ತನ್ನ ಒದ್ದೆ ಸಾಕ್ಸು ನೋಡಿಕೊಂಡ. ಶುಕ್ರವಾರ ಮಸೀದಿಗೆ ಹೋಗುವ ಹೊತ್ತೊಂದನ್ನು ಬಿಟ್ಟರೆ, ಬಾಗಿಲಿನಿಂದ ಐದು ನಿಮಿಷಕ್ಕಿಂತ ಹೆಚ್ಚು ಹೋಗುವಂತಿರಲಿಲ್ಲ. ಹಿಂದಿನ ನಲ್ಲಿಯಲ್ಲಿ ಕಾಲು ತೊಳೆದು, ಹಸಿಕಾಲಿಗೇ ನೈಲಾನ್ ಸಾಕ್ಸ್ ಎಳೆದುಕೊಂಡು ನಮಾಜು ಮುಗಿಸಿ ಓಡಿಬರುತ್ತಿದ್ದ. ತೊಳೆದಷ್ಟೂ ನಾರುತ್ತಿತ್ತು. ನಾರಿದಷ್ಟೂ ತೊಳೆಯುತ್ತಿದ್ದ.

“ಬೆರಳ ಸಂದಿ ಒರಸ್ರಿ. ಹತ್ತೀ ಸಾಕ್ಸ್ ಹಾಕ್ರಿ, ಮಧ್ಯಾಹ್ನ ಬದಲಿ ಮಾಡ್ರಿ. ಮತ್ತ ಒಂದ ದಿನ ಹಾಕಿದ ಬೂಟು ಮರುದಿನ ಹಾಕಬಾರದು. ಚರ್ಮ ಒಣಗಾಕ ಪೂರಾ ಒಂದ ದಿನಾ ಬೇಕ್ರಿ. ಸೂಟಿ ಇಲ್ಲದ ದುಡದರ ಅದರೇನ್ ಮಾಡತೈತಿ?”

“ನನಗ ಸೂಟಿ ಇಲ್ಲ, ಬೂಟಿಗೆ ಎಲ್ಲಿಂದ ತರೂದ್ರಿ?”

ತಿರಕಪ್ಪ ನಕ್ಕು, ಯಾರೋ ರಿಪೇರಿಗೆ ಕೊಟ್ಟು ವರ್ಷವಾದರೂ ಒಯ್ಯದ ಕಂದು ಬೂಟನ್ನು ಹೊರತೆಗೆದು ಕರಿ ಪಾಲಿಶ್ ಹಚ್ಚಿಕೊಟ್ಟ. ಮೂತಿಯ ಮೇಲೆ ಅಡ್ಡ ಒಂದು ಹೊಲಿಗೆ ಇತ್ತು, ಅಷ್ಟೇ ವ್ಯತ್ಯಾಸ.

ಒಂದು ಜೋಡಿ ಕಾಲಲ್ಲಿ, ಇನ್ನೊಂದು ಸುಗರಾಬಿಯ ಹಿತ್ತಿಲ ನೆರಳಲ್ಲಿ, ಹೊಟ್ಟೆ ತುಂಬ ಹಳೇ ಪೇಪರು ತುರುಕಿಸಿಕೊಂಡು. ಶುಕ್ರವಾರ ಬರುವಷ್ಟರಲ್ಲಿ ಅವನ ಪಾದಗಳಿಗೆ ಪಾದದ್ದೇ ವಾಸನೆ ಬಂದಿತ್ತು.

ಅಂದು ಹಾರೂನ್ ಅವನನ್ನು ಮೊದಲ ಸಾಲಿಗೆ ಎಳೆದೊಯ್ದರು. ಹಣೆ ನೆಲಕ್ಕಿಟ್ಟಾಗ ಜಹೀರುದ್ದೀನನ ಕಿವಿಯೆಲ್ಲ ಹಿಂದಿನ ಸಾಲಿನಲ್ಲಿತ್ತು. ಯಾರೂ ಕೆಮ್ಮಲಿಲ್ಲ, ಯಾರೂ ಜಾಗ ಬಿಟ್ಟು ಏಳಲಿಲ್ಲ. ವರ್ಷಗಳ ಮೇಲೆ ಅವನ ಬೆನ್ನು ಸಡಿಲವಾಯಿತು.

ಮೆಟ್ಟಿಲ ಮೇಲೆ ಕೂತು ಇಬ್ಬರೂ ಎರಡು ತಿಂಗಳಾಚೆಯ ತಾರೀಖು ಗೊತ್ತು ಮಾಡಿದರು. ಅಷ್ಟರಲ್ಲಿ ಅವನ ಫೋನಿಗೆ ಸೂಪರ್‌ವೈಸರನ ಮೆಸೇಜು ಬಂತು. ಬೆಳಗಿನ ಫೋಟೊದಲ್ಲಿ ಬೂಟಿನ ಸುತ್ತ ಕೆಂಪು ಗೆರೆ ಎಳೆದಿದ್ದ. ಇದು ಏಜೆನ್ಸಿ ಬೂಟಲ್ಲ, ನಾಳೆಯಿಂದ ದಿನಾಲೂ ಏಜೆನ್ಸಿಯದೇ ಇರಬೇಕು, ಇಲ್ಲವಾದರೆ ಬೇರೆಯವರನ್ನು ಕೆಲಸಕ್ಕೆ ಹಚ್ಚುತ್ತೇವೆ.

“ಏನಾತ್ರಿ ಬೀಗರ?”

“ಏನಿಲ್ರಿ. ಡ್ಯೂಟಿದು.”

“ಮದಿವಿತನಕಾ ನಾ ಒಂದೂ ಬಿಡದಂಗ ದರಾ ಶುಕ್ರವಾರ ಇಲ್ಲೇ ಬರಾಂವ್ರಿ, ಹತ್ತಿ ಕೆಲಸ ಐತಿ. ಇನ್ನ ನಿಮ್ಮ ಬಾಜೂನ ನನ್ನ ಜಾಗಾ.”

ಜಹೀರುದ್ದೀನ ಒಣಗಿದ್ದ ಕಾಲ್ಬೆರಳುಗಳನ್ನು ಮತ್ತೆ ಒರೆಸುತ್ತಿದ್ದ.

“ಬರ್ರಿ,” ಎಂದ.

ಮೊದಲ ಸಾಲಿನಲ್ಲಿ ಜಾಗ ಸಿಗಬೇಕಾದರೆ ಎಷ್ಟು ಬೇಗ ಬರಬೇಕೆಂದು ಹಾರೂನ್ ಆಗಲೇ ಲೆಕ್ಕ ಹಾಕುತ್ತಿದ್ದರು.